ಕನ್ನಡಿಯ ಕೆಳಗಿನ ಪೀಠ



ದೂರದರ್ಶಕದ ಚರಿತ್ರೆ ಹೇಳುವವರು ಕನ್ನಡಿಯ ಕಥೆ ಹೇಳುತ್ತಾರೆ, ಮಸೂರದ ಕಥೆ ಹೇಳುತ್ತಾರೆ. ಅವನ್ನು ಹೊತ್ತು ನಿಲ್ಲುವ ಪೀಠದ ಮಾತು ಬರುವುದು ಅಪರೂಪ. ಇವತ್ತು ನಾನು ಆ ಪೀಠದ ಕಥೆಯನ್ನೇ ಹೇಳಬೇಕೆಂದು ಬಂದಿದ್ದೇನೆ. ಚಿಂಚೋಳಿ ತಾಲೂಕಿನ ಐನಾಪುರದಲ್ಲಿ, ಮಾಳಿಗೆಯ ಮೇಲೆ ಹಲಗೆ, ಸ್ಕ್ರೂ, ಪಾನಾ ಹರವಿಕೊಂಡು ಕೂತಾಗ ನನಗೊಂದು ಮಾತು ಮನದಟ್ಟಾಯಿತು: ಆಕಾಶ ಯಾರ ಕೈಗೆ ಸಿಗಬೇಕು ಎಂಬುದನ್ನು ಕನ್ನಡಿಗಿಂತ ಹೆಚ್ಚಾಗಿ ಪೀಠವೇ ತೀರ್ಮಾನಿಸುತ್ತ ಬಂದಿದೆ.

ಐಸಾಕ್ ನ್ಯೂಟನ್ ಮೊದಲ ಪ್ರತಿಫಲನ ದೂರದರ್ಶಕ ಮಾಡಿದ್ದು 1668ರಲ್ಲಿ. ಗೇಣುದ್ದದ ಕೊಳವೆ, ಒಂದೂಕಾಲು ಇಂಚಿನಷ್ಟು ಅಗಲದ ಲೋಹದ ಕನ್ನಡಿ. 1671ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ ಎರಡನೆಯದು ಒಂದು ಮರದ ಗುಂಡಿನ ಮೇಲೆ ಕೂತಿತ್ತು. ಗುಂಡು ಹೊರಳಿದತ್ತ ಕೊಳವೆ ತಿರುಗುತ್ತಿತ್ತು. ಅಂಗೈಯಗಲದ ಸಾಧನಕ್ಕೆ ಅಷ್ಟು ಸಾಕಿತ್ತು. ಕನ್ನಡಿ ದೊಡ್ಡದಾದಂತೆ ತೊಂದರೆ ಶುರುವಾಯಿತು.

ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡದ್ದು ಏಳಡಿ ಉದ್ದದ ದೂರದರ್ಶಕದಲ್ಲಿ, ತನ್ನ ಮನೆಯ ಹಿತ್ತಲಲ್ಲಿ ನಿಂತು. 1789ರಲ್ಲಿ ಅದೇ ಹರ್ಷೆಲ್ ನಲವತ್ತಡಿಯದನ್ನು ಕಟ್ಟಿದ. ನಾಲ್ಕಡಿ ಅಗಲದ ಕನ್ನಡಿ, ಮನೆಯೆತ್ತರದ ಮರದ ಚೌಕಟ್ಟು, ಹಗ್ಗ, ರಾಟೆ, ಕೆಳಗೆ ವರ್ತುಲದ ಹಳಿಯ ಮೇಲೆ ಉರುಳುವ ಚಕ್ರ. ತಿರುಗಿಸಲು ಆಳುಗಳು ಬೇಕಾಗುತ್ತಿದ್ದರು. ಕೊನೆಗೆ ಹರ್ಷೆಲ್ ಹೆಚ್ಚಾಗಿ ಬಳಸಿದ್ದು ಇಪ್ಪತ್ತಡಿಯದನ್ನೇ. ಆ ದೈತ್ಯ ಸೋತದ್ದರಲ್ಲಿ ಕನ್ನಡಿಯ ಪಾಲೂ ಇತ್ತು, ಪೀಠದ ಪಾಲೂ ಇತ್ತು.

ಈ ಹರ್ಷೆಲ್‌ನ ಮೊಮ್ಮಗ ನಮ್ಮ ನಾಡಿಗೆ ಬಂದಿದ್ದ ಎಂದರೆ ನಿಮಗೆ ಅಚ್ಚರಿಯಾದೀತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದ್ದು ಜಮಖಂಡಿಯಿಂದ. ಶ್ರಾವಣದ ಮೋಡ ಸರಿದ ಸಂದಿಯಲ್ಲಿ, ಸೂರ್ಯನ ಅಂಚಿನ ಜ್ವಾಲೆಗಳ ವರ್ಣರೇಖೆಗಳನ್ನು ಅವನು ಕಂಡ. ಅವನು ಬಳಸಿದ್ದು ಮಸೂರದ ದೂರದರ್ಶಕ.

ಅಷ್ಟರಲ್ಲಿ ದೊಡ್ಡ ವೀಕ್ಷಣಾಲಯಗಳು ಬೇರೆ ಬಗೆಯ ಪೀಠ ಹಿಡಿದಿದ್ದವು. ಜರ್ಮನಿಯ ಫ್ರೌನ್‌ಹೋಫರ್ 1824ರಲ್ಲಿ ರೂಪಿಸಿದ ಪೀಠದ ಅಚ್ಚು ಭೂಮಿಯ ಅಕ್ಷಕ್ಕೆ ಸಮಾನಾಂತರ. ಗಡಿಯಾರದ ಯಂತ್ರ ಕೂಡಿಸಿದರೆ ಅದು ತಾನಾಗಿ ನಕ್ಷತ್ರದ ಹಿಂದೆ ಹೋಗುತ್ತದೆ. ಬಹಳ ಚೆಲುವಾದ ಯುಕ್ತಿ. ಆದರೆ ಕಬ್ಬಿಣ, ಹಲ್ಲಿನ ಚಕ್ರ, ಎದುರುತೂಕ ಎಲ್ಲವೂ ಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿಗಳು ನಿಜಾಮರ ಸೀಮೆಯಾಗಿದ್ದಾಗ, ನವಾಬ್ ಜಫರ್ ಜಂಗ್ 1901ರಲ್ಲಿ ಹೈದರಾಬಾದಿನಲ್ಲಿ ವೀಕ್ಷಣಾಲಯ ಶುರು ಮಾಡಿದರು. 1908ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಅಲ್ಲಿದ್ದದ್ದು ಗ್ರಬ್ ಕಂಪನಿಯ ಹದಿನೈದು ಇಂಚಿನ ದೂರದರ್ಶಕ. ಐನಾಪುರದ ರೈತನಿಗೆ ಅದರ ಗುಮ್ಮಟವೂ ದೂರ, ನಕ್ಷತ್ರವೂ ದೂರ.

ಈ ದೂರವನ್ನು ಮುರಿದವರು ಒಬ್ಬ ಸನ್ಯಾಸಿ. ಜಾನ್ ಡಾಬ್ಸನ್ 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದರು, ಅಮೆರಿಕದಲ್ಲಿ ರಸಾಯನಶಾಸ್ತ್ರ ಓದಿದರು, 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದರು. ಹೌದು, ನಮ್ಮ ರಾಮಕೃಷ್ಣ ಪರಂಪರೆಯದೇ ಮಠ. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ಕೈಯಿಂದ ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ ಆಯ್ದು ತಂದರು, ಬಿಸಾಡಿದ ಹಲಗೆಯಿಂದ ಪೀಠ ಕಟ್ಟಿದರು. ಬೀದಿಯ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತ ಮಠದಿಂದ ಹೊರಗೇ ಹೆಚ್ಚು ಹೊತ್ತು ಇರುತ್ತಿದ್ದರು. 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷವೇ ಗೆಳೆಯರೊಡನೆ ಪಾದಚಾರಿ ಹಾದಿಯ ಮೇಲೆ ಆಕಾಶ ತೋರಿಸುವ ಸಂಘ ಕಟ್ಟಿದರು. ತಮ್ಮ ಪೀಠಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 2014ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊಸಬರು ಇಂದು ಕೊಳ್ಳುವ, ಕಟ್ಟಿಕೊಳ್ಳುವ ಎಷ್ಟೋ ದೂರದರ್ಶಕಗಳ ಬುಡದಲ್ಲಿ ಇರುವುದು ಅವರ ಹೆಸರಿನ ಪೆಟ್ಟಿಗೆ.

ಅದರ ರಚನೆ ನಮಗೆ ಹೊಸದಲ್ಲ. ಬೀಸುವ ಕಲ್ಲು ನೆನೆಸಿಕೊಳ್ಳಿ: ಕೆಳಗಿನದು ಅಲುಗದು, ನಡುವಿನ ಗೂಟದ ಸುತ್ತ ಮೇಲಿನದು ತಿರುಗುತ್ತದೆ. ಡಾಬ್ಸನ್ ಪೀಠದ ಕೆಳಹಲಗೆ, ಮೇಲಿನ ಪೆಟ್ಟಿಗೆ, ನಡುವಿನ ಬೋಲ್ಟು ಅದೇ ರೀತಿ. ಇನ್ನು ಕಲಬುರಗಿ ಕೋಟೆಯ ಇಪ್ಪತ್ತೊಂಬತ್ತು ಅಡಿಯ ತೋಪನ್ನು ನೀವು ನೋಡಿರುತ್ತೀರಿ. ತೋಪಿನ ಬಾಯಿ ಏರಿಸಿ ಇಳಿಸಲು ಪಕ್ಕಗಳಲ್ಲಿ ಎರಡು ಗುಬುಟು ಇರುತ್ತವಲ್ಲ, ದೂರದರ್ಶಕದ ಕೊಳವೆಗೂ ಅಂಥವೇ ಎರಡು ಬಿಲ್ಲೆ. ಕೆಳಹಲಗೆಗೆ ಕಾಲು ಮೂರೇ. ಮೂರು ಗುಂಡಿನ ಒಲೆ ಎಂಥ ನೆಲದಲ್ಲೂ ಓಲಾಡದು. ನಾಲ್ಕು ಕಾಲಿನದು ಓಲಾಡುತ್ತದೆ. ಆ ಮೂರು ಕಾಲುಗಳ ನೇರ ಮೇಲೆಯೇ ಟೆಫ್ಲಾನಿನ ಮೂರು ತುಂಡು. ಅವುಗಳ ಮೇಲೆ ಸನ್‌ಮೈಕಾ ಹಚ್ಚಿದ ಪೆಟ್ಟಿಗೆಯ ತಳ. ಟೆಫ್ಲಾನಿನ ಮೇಲೆ ಸರಿಯುವ ವಸ್ತುವಿಗೆ, ಸರಿಯಲು ಶುರು ಮಾಡಲು ಬೇಕಾದ ಬಲಕ್ಕೂ ಸರಿಯುತ್ತಲೇ ಇರಲು ಬೇಕಾದ ಬಲಕ್ಕೂ ಅಂತರ ಬಹಳ ಕಡಿಮೆ. ಹಾಗಾಗಿ ಬೆರಳಿನಿಂದ ತಳ್ಳಿದಷ್ಟೇ ಸರಿದು, ಬಿಟ್ಟಲ್ಲಿ ನಿಲ್ಲುತ್ತದೆ.

ಜೋಡಿಸುವಾಗ ಅವಸರ ಬೇಡ. ಮೊದಲು ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಕೂಡಿಸಿ, ಮೂಲೆಮಟ್ಟ ಹಿಡಿದು ನೋಡಿ, ಆಮೇಲೆ ಬಿಗಿ ಮಾಡಬೇಕು. ನಡುವಿನ ಬೋಲ್ಟನ್ನು ನಾನು ಮೊದಲ ಸಲ ಬಲವಾಗಿ ಬಿಗಿದಿದ್ದೆ. ಆ ರಾತ್ರಿ ಶನಿ ಸಿಗಲೇ ಇಲ್ಲ. ತಳ್ಳಿದರೆ ಕೊಳವೆ ಮಿಸುಕದು, ಇನ್ನಷ್ಟು ತಳ್ಳಿದರೆ ಗ್ರಹವನ್ನು ದಾಟಿ ಹಾರುವುದು. ನಟ್ಟನ್ನು ಕಾಲು ಸುತ್ತು ಸಡಿಲಿಸಿದ ಮೇಲೆ ಬಳೆಯ ಸಮೇತ ಶನಿ ಬಂದು ನಿಂತಿತು. ನೂರು ಪಟ್ಟು ಹಿಗ್ಗಿಸಿದಾಗ ಕಾಣುವ ಆಕಾಶ ಸುಮಾರು ಅರ್ಧ ಡಿಗ್ರಿ, ಚಂದ್ರನಷ್ಟು ಅಗಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಗ್ರಹ ಎರಡೇ ನಿಮಿಷದಲ್ಲಿ ಆಚೆ ಸರಿಯುತ್ತದೆ. ನಯವಾಗಿ ತಿರುಗುವ ಪೀಠವಿದ್ದರೆ ಹತ್ತು ವರ್ಷದ ಹುಡುಗಿಯೂ ಅದನ್ನು ಹಿಂಬಾಲಿಸಬಲ್ಲಳು. ಪೀಠದ ಕೆಳಗೆ ಹಾಸಲು ಶಹಾಬಾದಿನ ಪರಸಿಗಿಂತ ಒಳ್ಳೆಯದು ಬೇರೆ ಬೇಡ.

ನಿಮ್ಮೂರಿನ ಶಾಲೆಯ ಕಪಾಟಿನಲ್ಲಿ ಕಾಲು ಮುರಿದ ದೂರದರ್ಶಕವೊಂದು ಧೂಳು ಹಿಡಿದು ಕೂತಿದ್ದರೆ, ದಯವಿಟ್ಟು ಅದನ್ನು ಹೊರಗೆ ತೆಗೆಯಿರಿ. ಕನ್ನಡಿ ಚೆನ್ನಾಗಿದ್ದರೆ ಕೊಳವೆಯ ಅಳತೆ ಹಿಡಿದು ಊರಿನ ಬಡಿಗೇರರ ಬಳಿ ಹೋಗಿ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ. ಅಷ್ಟರೊಳಗೆ ಪೀಠ ಸಿದ್ಧವಾಗಲಿ.