ಪಿನ್ನನ್ನು ಎಳೆದದ್ದು ಯಾವುದು, ಕಾಗದವನ್ನು ಎಳೆದದ್ದು ಯಾವುದು?

(ಕೋಯಂಬೇಡಿನ ಮಹಿಳಾ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ದಿನನಿತ್ಯದ ವಿಜ್ಞಾನದ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ಕೇಳಿದ್ದೀರಿ. ಅದಕ್ಕಾಗಿ ಆಫೀಸಿನ ಮೇಜಿನ ಮೇಲಿದ್ದ ವಸ್ತುಗಳನ್ನೇ ತಂದಿದ್ದೇನೆ: ಕಾಂತವಿರುವ ಪಿನ್ ಡಬ್ಬಿ, ಜೆಮ್ ಕ್ಲಿಪ್ಪುಗಳು, ಪ್ಲಾಸ್ಟಿಕ್ ಸ್ಕೇಲು, ಕಾಗದದ ಚೂರುಗಳು. ಜೊತೆಗೆ ಕೋಯಂಬೇಡು ಮಾರುಕಟ್ಟೆಯಲ್ಲಿ ಕೊಂಡ ಒಂದು ಹಿಡಿ ರಾಗಿ. ರಾಗಿ ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಪಿನ್ ಡಬ್ಬಿ. ಇದರ ಬಾಯಿಯ ಸುತ್ತ ಕಾಂತ ಇದೆ. ನಮ್ಮ ಹಿರಿಯರ ಮಾತಿನಲ್ಲಿ ಸೂಜಿಗಲ್ಲು. ಒಂದು ಕ್ಲಿಪ್ಪು ಅಂಟಿತು. ಅದರ ತುದಿಗೆ ಇನ್ನೊಂದನ್ನು ಹಿಡಿದರೆ ಅದೂ ನೇತಾಡುತ್ತದೆ. ಕಬ್ಬಿಣದ ಒಂದೊಂದು ಪರಮಾಣುವೂ ಪುಟ್ಟ ಕಾಂತದ ಹಾಗೆ. ಮಾಮೂಲಾಗಿ ಅವುಗಳ ಗುಂಪುಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುತ್ತವೆ. ಕಾಂತ ಹತ್ತಿರ ಬಂದಾಗ ಒಗ್ಗಟ್ಟಾಗಿ ಒಂದೇ ಕಡೆ ತಿರುಗುತ್ತವೆ, ಕ್ಲಿಪ್ಪೇ ಕಾಂತವಾಗುತ್ತದೆ. ಕಬ್ಬಿಣ, ನಿಕಲ್, ಕೋಬಾಲ್ಟ್ ಇವುಗಳಿಗೆ ಈ ಗುಣ ಇದೆ. ನಮ್ಮ ಚಿನ್ನದ ಬಳೆಗಾಗಲಿ ಹಿತ್ತಾಳೆ ದೀಪಕ್ಕಾಗಲಿ ಇಲ್ಲ. ಕುದುರೆಮುಖದ ಅದಿರಿನಲ್ಲಿ ಇದ್ದದ್ದು ಮ್ಯಾಗ್ನಟೈಟ್, ಅಂದರೆ ಕಾಂತಕ್ಕೆ ಅಂಟುವ ಕಲ್ಲು. 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವವರೆಗೂ ಅಲ್ಲಿ ಅರೆದ ಅದಿರನ್ನು ಬೇರ್ಪಡಿಸಲು ಇದೇ ಗುಣವನ್ನು ಬಳಸುತ್ತಿದ್ದರು.

ಈಗ ಸ್ಕೇಲು. ಮೂರು ಸಲ ಕೂದಲಿಗೆ ಉಜ್ಜಿದೆ, ಕಾಗದ ಅಲುಗಲಿಲ್ಲ. ನಗಬೇಡಿ, ಇದು ಚೆನ್ನೈ! ಸಮುದ್ರದ ತೇವ ಸ್ಕೇಲಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರವಾಗಿ ಕೂರುತ್ತದೆ. ಉಜ್ಜಿ ಗಳಿಸಿದ ವಿದ್ಯುತ್ತು ಅದರ ಮೂಲಕ ಸೋರಿಹೋಗುತ್ತದೆ. ಹೇರ್ ಡ್ರೈಯರಿನಿಂದ ಸ್ಕೇಲನ್ನೂ ಕಾಗದವನ್ನೂ ಕೂದಲನ್ನೂ ಒಣಗಿಸಿ ಮತ್ತೆ ಉಜ್ಜುತ್ತೇನೆ. ನೋಡಿ, ಚೂರುಗಳು ಹಾರಿ ಅಂಟಿದವು. ಕಲಬುರಗಿಯಲ್ಲಿ ಚಳಿಗಾಲಕ್ಕೆ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುತ್ತದಲ್ಲ, ಅದೂ ಇದೇ.

ಇದು ಕಾಂತವಲ್ಲ, ಸ್ಥಿರ ವಿದ್ಯುತ್ತು. ಉಜ್ಜಿದಾಗ ಎಲೆಕ್ಟ್ರಾನುಗಳು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುತ್ತವೆ. ಸ್ಕೇಲು ಹತ್ತಿರ ಬಂದಾಗ ಕಾಗದದೊಳಗಿನ ವಿದ್ಯುದಂಶಗಳು ಸ್ವಲ್ಪ ಸರಿಯುತ್ತವೆ. ವಿರುದ್ಧ ಜಾತಿಯದು ಸ್ಕೇಲಿನ ಕಡೆಗೆ ಬರುತ್ತದೆ, ಸೆಳೆತ ಹುಟ್ಟುತ್ತದೆ. ಕಾಂತದ ಹಾಗೆ ಇದು ಲೋಹ ನೋಡಿ ಆರಿಸುವುದಿಲ್ಲ. ಹಗುರವಾದ ಯಾವುದನ್ನಾದರೂ ಎಳೆಯುತ್ತದೆ. ಎರಡೂ ಬೇರೆ ಬೇರೆ ಎಂದು 1600ರಲ್ಲೇ ವಿಲಿಯಂ ಗಿಲ್ಬರ್ಟ್ ಎಂಬ ಇಂಗ್ಲೆಂಡಿನ ವೈದ್ಯ ಪ್ರಯೋಗ ಮಾಡಿ ಬರೆದಿಟ್ಟ.

ನಮ್ಮ ಆಫೀಸುಗಳು ಈ ಸೆಳೆತದ ಮೇಲೆಯೇ ನಡೆಯುತ್ತವೆ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ತೆಗೆದ ಮೊದಲ ಜೆರಾಕ್ಸ್ ಪ್ರತಿಯ ಗುಟ್ಟು ಇದೇ. ಅಕ್ಷರವಿರುವ ಕಡೆ ಮಾತ್ರ ವಿದ್ಯುತ್ತು ಉಳಿಸಿದರೆ ಕರಿಯ ಪುಡಿ ಅಲ್ಲಿ ಅಂಟುತ್ತದೆ. ಕಾಗದಕ್ಕೆ ಇಳಿಸಿ ಬಿಸಿ ಮಾಡಿದರೆ ಕೂತುಬಿಡುತ್ತದೆ. ಇದೇ ಸ್ಥಿರ ವಿದ್ಯುತ್ತು ಏಸಿ ಕೋಣೆಯ ಒಣ ಹವೆಯಲ್ಲಿ ಶತ್ರುವೂ ಹೌದು. ನಮ್ಮ ಬೆರಳಿಗೆ ಚುರುಕ್ ಎನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್ಪುಗಳು 100 ವೋಲ್ಟಿಗೂ ಕಡಿಮೆಯಲ್ಲೇ ಕೆಡುತ್ತವೆ. ಮನೆಯಲ್ಲಿ ಮಕ್ಕಳು ಕಂಪ್ಯೂಟರ್ ಬಿಚ್ಚುವುದಾದರೆ ಪ್ಲಗ್ ತೆಗೆದು, ಮೊದಲು ಅದರ ಲೋಹದ ಮೈ ಮುಟ್ಟಲಿ.

ಈಗ ರಾಗಿ. ರಾಗಿಯಲ್ಲಿ ಕಬ್ಬಿಣಾಂಶ ಇದೆ ಎಂದು ನಮಗೆಲ್ಲ ಗೊತ್ತು. ಕಾಂತ ಹಿಡಿದೆ, ಒಂದು ಕಾಳೂ ಅಂಟಲಿಲ್ಲ. ಹಿಟ್ಟಿನಲ್ಲಿ ಕರಿಯ ಕಣ ಅಂಟಿದರೆ ಅದು ಬಹುಮಟ್ಟಿಗೆ ಗಿರಣಿಯ ಕಬ್ಬಿಣದ ಪುಡಿ, ರಾಗಿಯ ಪೌಷ್ಟಿಕಾಂಶ ಅಲ್ಲ. ಆಹಾರದ ಕಬ್ಬಿಣ ಬೇರೆ ಧಾತುಗಳ ಜೊತೆ ಸೇರಿ ಒಂದೊಂದೇ ಪರಮಾಣುವಾಗಿ ಹಂಚಿಹೋಗಿರುತ್ತದೆ; ಕ್ಲಿಪ್ಪಿನಲ್ಲಿ ಕಂಡ ಒಗ್ಗಟ್ಟು ಅದಕ್ಕಿಲ್ಲ.

ನಮ್ಮ ರಕ್ತದ ಕಬ್ಬಿಣವೂ ಹೀಗೆಯೇ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮಂಡಿನೋವಿನ ಹಿರಿಯರಿಗೆ ಸಾವಿರಾರು ರೂಪಾಯಿಯ ಕಾಂತದ ಹಾಸಿಗೆ, ಕೈಕಡಗ ಮಾರುವವರು ಹೇಳುವ ಮಾತು ಒಂದೇ: “ರಕ್ತದಲ್ಲಿ ಕಬ್ಬಿಣ ಇದೆಯಲ್ಲ ಅಮ್ಮ, ಕಾಂತ ಅದನ್ನು ಎಳೆದು ರಕ್ತ ಓಡಾಡಿಸುತ್ತದೆ.” ಇಡೀ ದೇಹದ ಕಬ್ಬಿಣ ಮೂರ್ನಾಲ್ಕು ಗ್ರಾಂ, ಅದು ಹಾಗೆ ಅಂಟುವಂಥದ್ದೂ ಅಲ್ಲ. ಎಂಆರ್‌ಐ ಯಂತ್ರದ ಕಾಂತ ಸಾಮಾನ್ಯವಾಗಿ 1.5 ಟೆಸ್ಲಾ, ಫ್ರಿಜ್ಜಿನ ಮೇಲಿನ ಗೊಂಬೆಯ ಕಾಂತಕ್ಕಿಂತ ನೂರು ಪಟ್ಟಿಗೂ ಹೆಚ್ಚು ಬಲ. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತವೇ ಒಂದು ಕಡೆಗೆ ಓಡುವುದಿಲ್ಲ. ಹಾಸಿಗೆ ಏನು ಮಾಡೀತು? ಹಣ ಹೋದರೆ ಹೋಗಲಿ, ಅದನ್ನು ನಂಬಿ ಬಿಪಿ, ಸಕ್ಕರೆ ಮಾತ್ರೆ ಬಿಟ್ಟರೆ ಗತಿ?

ಉಪಯೋಗ ಇಲ್ಲದಿದ್ದರೂ ಅಪಾಯ ಇರಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಕಾಂತ ಹತ್ತಿರ ಬಂದರೆ ಅದು ಕೆಲಸದ ರೀತಿಯನ್ನೇ ಬದಲಿಸಬಹುದು. ಕಾಂತವಿರುವ ಫೋನನ್ನೂ 15 ಸೆಂಟಿಮೀಟರ್ ದೂರ ಇಡಬೇಕು. ಅಂಗಿಯ ಜೇಬು ಬೇಡ. ಆಟಿಕೆಯ ಗಟ್ಟಿ ಕಾಂತದ ಗುಂಡುಗಳನ್ನು ಮಗು ಎರಡು ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಅಂಥದ್ದಾದರೆ ಕಾಯದೆ ಆಸ್ಪತ್ರೆಗೆ ಓಡಿ.

ಇನ್ನು ಮೇಲೆ ಯಾರಾದರೂ ಕಾಂತದ ಮಹಿಮೆ ಹೇಳಿ ಮಾರಲು ಬಂದರೆ ಕೋಪ ಮಾಡಿಕೊಳ್ಳಬೇಡಿ. ಒಂದು ಹಿಡಿ ರಾಗಿ ಮುಂದಿಟ್ಟು, ಮೊದಲು ಇದನ್ನು ಎತ್ತಿ ತೋರಿಸಪ್ಪಾ ಎನ್ನಿ. ನಿಮ್ಮ ಅಮ್ಮ, ಅತ್ತೆಯವರಿಗೂ ಇದನ್ನು ಮಾಡಿ ತೋರಿಸಿ.