ನೆಲದ ಮೇಲೆ ನಿಂತ ಗುರು



ಹೊಸೂರಿನ ತೆಂಕಣ ಮಗ್ಗುಲಲ್ಲಿ, ಮತ್ತಿಗಿರಿಯ ಆಸುಪಾಸಿನಲ್ಲಿ, 1600 ಎಕರೆಗೂ ಮೀರಿ ಹಬ್ಬಿಕೊಂಡಿರುವ ಸರ್ಕಾರಿ ಜಾನುವಾರು ಕ್ಷೇತ್ರವನ್ನು ನಮ್ಮಲ್ಲಿ ಅನೇಕರು ಬಲ್ಲರು. ಇಂದು ದನಕರುಗಳ ಸಾಕಣೆಗೆ ಹೆಸರಾಗಿರುವ ಆ ನೆಲ 1824ರಲ್ಲಿ ಮೊದಲು ಮೀಸಲಾದದ್ದು ದನಗಳಿಗಲ್ಲ, ಕುದುರೆಗಳಿಗೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಈ ಸೀಮೆಯ ತಂಪು ಹವೆ ಕುದುರೆಗೆ ಹಿತವಾದುದು. ಕಂಪನಿ ಸರ್ಕಾರ ತನ್ನ ಮದರಾಸು ಸೈನ್ಯಕ್ಕೆ ಬೇಕಾದ ಕುದುರೆಗಳನ್ನು ಇಲ್ಲಿಯೇ ಸಾಕಿಸಿ, ಪಳಗಿಸಿ, ದಂಡುಗಳಿಗೆ ಕಳುಹಿಸುತ್ತಿತ್ತು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿನಾಡಿನಲ್ಲಿ ನಿಂತು ಅಶ್ವಶಿಕ್ಷಣದ ಮಾತೆತ್ತುವುದಕ್ಕೆ ಇಷ್ಟು ಪೂರ್ವಪೀಠಿಕೆ ಸಾಕೆಂದು ಭಾವಿಸುತ್ತೇನೆ.

ದಂಡಿನ ಕುದುರೆಗೆ ಬೇಕಾದ ವಿದ್ಯೆ ಸಾಲಿನಲ್ಲಿ ನಿಲ್ಲುವುದು, ಸದ್ದಿಗೆ ಬೆದರದಿರುವುದು, ಒಂದೇ ಕೈಯ ಲಗಾಮಿಗೆ ತಿರುಗುವುದು, ಇಷ್ಟೇ. ಆ ವಿದ್ಯೆಯನ್ನೇ ಕಲೆಯ ಮಟ್ಟಕ್ಕೆ ಏರಿಸಿದುದು ಡ್ರೆಸ್ಸಾಜ್. ಅರವತ್ತು ಮೀಟರು ಉದ್ದ, ಇಪ್ಪತ್ತು ಮೀಟರು ಅಗಲದ ಮರಳಿನ ಅಂಕಣದಲ್ಲಿ ಕುದುರೆಯೊಂದು ಓರೆಯಾಗಿ ನಡೆದು, ನಿಂತಲ್ಲಿಯೇ ತಾಳಬದ್ಧವಾಗಿ ಹೆಜ್ಜೆಯೆತ್ತಿ, ಸವಾರನ ಕೈಕಾಲು ಅಲುಗಿದುದೇ ಕಾಣದಂತೆ ದಿಕ್ಕು ಬದಲಿಸುವುದನ್ನು ಕಂಡವರು ಇದನ್ನು ಸರ್ಕಸ್ಸಿನ ಕುಣಿತವೆಂದು ಎಣಿಸುವುದುಂಟು. ಎಣಿಕೆ ತಪ್ಪು. ಬಯಲಿನಲ್ಲಿ ಸ್ವೇಚ್ಛೆಯಾಗಿ ಬಿಟ್ಟ ಕುದುರೆ, ಎದುರಿಗೆ ಇನ್ನೊಂದು ಕುದುರೆ ಕಂಡಾಗ ಕತ್ತನ್ನು ಬಿಲ್ಲಿನಂತೆ ಬಾಗಿಸಿ, ಬಾಲವೆತ್ತಿ, ನೆಲ ಮುಟ್ಟಿಯೂ ಮುಟ್ಟದಂತೆ ಹೆಜ್ಜೆಯಿಡುತ್ತದೆ. ಅಂಕಣದಲ್ಲಿ ಕಾಣುವುದು ಬಹುಮಟ್ಟಿಗೆ ಆ ಸ್ವಭಾವಸಿದ್ಧ ಚಲನೆಯೇ. ಬೆನ್ನ ಮೇಲೆ ಮನುಷ್ಯ ಕುಳಿತ ಮರುಕ್ಷಣ ಆ ಲಾವಣ್ಯ ಮಾಯವಾಗುವುದರಿಂದ, ಅದನ್ನು ಮರಳಿ ಪಡೆಯುವುದಕ್ಕೆ ವರ್ಷಗಟ್ಟಲೆ ಶ್ರಮ ಬೇಕಾಗುತ್ತದೆ.

ಮಾಯವಾಗುವುದಕ್ಕೆ ಕಾರಣ ಕುದುರೆಯ ದೇಹರಚನೆಯಲ್ಲಿದೆ. ಕುದುರೆಗೆ ಹೆಗಲನ್ನು ಎದೆಗೆ ಜೋಡಿಸುವ ಕೊರಳೆಲುಬಿಲ್ಲ, ಅದರ ಎದೆಗೂಡು ಎರಡು ಹೆಗಲೆಲುಬುಗಳ ನಡುವೆ ಬರಿಯ ಮಾಂಸಖಂಡಗಳ ಆಧಾರದಿಂದ ತೂಗಿಕೊಂಡಿರುತ್ತದೆ. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲುಗಳ ಮೇಲೆ ಬೀಳುತ್ತದೆ. ಸವಾರನ ಭಾರವೂ ಸೇರಿದಾಗ ಎದೆಗೂಡು ಕುಸಿದು, ಬೆನ್ನು ಬಿಗಿದು, ತಲೆ ಮೇಲಕ್ಕೆ ಹೋಗಿ, ಹಿಂಗಾಲುಗಳು ಹಿಂದೆಯೇ ಉಳಿದುಬಿಡುತ್ತವೆ. ಆ ಹಿಂಗಾಲುಗಳನ್ನು ಹೊಟ್ಟೆಯ ಅಡಿಗೆ ತಂದು ಭಾರ ಹೊರುವಂತೆ ಮಾಡಿ, ಮುಂಭಾಗವನ್ನು ಹಗುರಗೊಳಿಸುವುದೇ ಈ ಶಿಕ್ಷಣದ ತಿರುಳು. ಕತ್ತನ್ನು ಲಗಾಮಿನಿಂದ ಎಳೆದು ಬಾಗಿಸಿ ಚಿತ್ರಕ್ಕೊಪ್ಪುವಂತೆ ತೋರಿಸುವ ಸವಾರರೂ ಉಂಟು. ಅದು ಕಳಸವನ್ನು ಮೊದಲಿಟ್ಟು ಗೋಡೆಯನ್ನು ಆಮೇಲೆ ಕಟ್ಟಹೊರಟಂತೆ.

ಈ ತಿಳಿವಳಿಕೆ ಇಂದಿನದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಸೇನಾನಿ ಜೆನೊಫನ್ ಅಶ್ವಾರೋಹಣವನ್ನು ಕುರಿತು ಗ್ರಂಥ ಬರೆದು, ಬಲಾತ್ಕಾರದಿಂದ ಮಾಡಿಸಿದುದರಲ್ಲಿ ಸೌಂದರ್ಯವಿರದೆಂದು ಸಾರಿದನು. ನಮ್ಮ ಕೌಟಿಲ್ಯನು ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ವಿಧಿಸುವಾಗ ಸವಾರಿಯ ಕುದುರೆಯ ಗತಿಗಳನ್ನು ಎಣಿಸಿ, ಸವಾರನ ಸಂಜ್ಞೆಯನ್ನರಿತು ನಡೆಯುವುದನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದ್ದಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅಶ್ವಕ್ರೀಡೆಗೆ ಪ್ರತ್ಯೇಕ ಪ್ರಕರಣವೇ ಇದೆ. ಯೂರೋಪಿನಲ್ಲಿ 1550ರಲ್ಲಿ ನೇಪಲ್ಸಿನ ಗ್ರಿಸೋನೆ ಬರೆದ ಪುಸ್ತಕ ಕುದುರೆಯನ್ನು ದಂಡಿಸುವ ಕ್ರೂರೋಪಾಯಗಳಿಗೂ ಕುಪ್ರಸಿದ್ಧ. ಫ್ರಾನ್ಸಿನ ಹದಿಮೂರನೆಯ ಲೂಯಿಗೆ ಸವಾರಿ ಕಲಿಸಿದ ಪ್ಲುವಿನೆಲ್ ಆ ಮಾರ್ಗವನ್ನು ಬಿಟ್ಟು ಸಾಮೋಪಾಯವನ್ನು ಹಿಡಿದನು. 18ನೆಯ ಶತಮಾನದಲ್ಲಿ ಗೆರಿನಿಯೆರ್ ಎಂಬ ಫ್ರೆಂಚ್ ಆಚಾರ್ಯನು ಕುದುರೆಯ ಭುಜವನ್ನು ಗೋಡೆಯಿಂದ ಒಳಗೆ ತಂದು ಓರೆಯಾಗಿ ನಡೆಸುವ ಅಭ್ಯಾಸಕ್ಕೆ ಶಾಸ್ತ್ರದ ರೂಪ ಕೊಟ್ಟನು. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಇಂದಿಗೂ ಆತನದೇ ಮತ.

ಸರಿ, ಗ್ರಂಥಗಳಿವೆ, ಕುದುರೆಯೂ ಇದೆ, ಗುರುವೇಕೆ ಬೇಕು? ಇದಕ್ಕೆ ನನಗೆ ತೋರುವ ಉತ್ತಮ ಉತ್ತರ ಡ್ರೆಸ್ಸಾಜಿಗೆ ಸಂಬಂಧವೇ ಇಲ್ಲದ ಒಂದು ಪ್ರಸಂಗದಲ್ಲಿದೆ. 20ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಫಾನ್ ಓಸ್ಟೆನ್ ಎಂಬ ಉಪಾಧ್ಯಾಯನ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಕೂಡುವ ಕಳೆಯುವ ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ತಟ್ಟಿ ಸರಿಯುತ್ತರ ಹೇಳುತ್ತಿತ್ತು. ಜನ ಬೆರಗಾದರು, ಪಂಡಿತರ ಮಂಡಲಿ ಪರೀಕ್ಷಿಸಿ ಮೋಸವಿಲ್ಲವೆಂದಿತು. ಕೊನೆಗೆ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞನು ಗುಟ್ಟನ್ನು ಬಿಡಿಸಿದನು: ಪ್ರಶ್ನೆ ಕೇಳಿದವನಿಗೇ ಉತ್ತರ ತಿಳಿಯದಿದ್ದರೆ, ಅಥವಾ ಅವನು ಕುದುರೆಗೆ ಕಾಣದಂತೆ ಮರೆಯಾಗಿದ್ದರೆ, ಹಾನ್ಸನಿಗೂ ಲೆಕ್ಕ ಬಾರದು. ತಟ್ಟುವಿಕೆ ಸರಿಸಂಖ್ಯೆಗೆ ಬಂದೊಡನೆ ಕೇಳಿದವನ ತಲೆ ತನ್ನರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಇನ್ನೂ ವಿಚಿತ್ರವೆಂದರೆ, ವಿಷಯ ತಿಳಿದ ಮೇಲೂ ಫುಂಗ್‌ಸ್ಟನಿಗೆ ತನ್ನ ತಲೆಯ ಆ ಅಲುಗಾಟವನ್ನು ಪೂರ್ತಿಯಾಗಿ ತಡೆಯುವುದು ಸಾಧ್ಯವಾಗಲಿಲ್ಲ.

ನೆಲದ ಮೇಲೆ ನಿಂತವನ ತಲೆಯಾಟವನ್ನೇ ಓದಬಲ್ಲ ಪ್ರಾಣಿ, ತನ್ನ ಬೆನ್ನಿನ ಮೇಲೆಯೇ ಕುಳಿತವನ ಸೊಂಟ, ತೊಡೆ, ಉಸಿರುಗಳನ್ನು ಓದದೆ ಇದ್ದೀತೆ? ನೊಣ ಕುಳಿತುದನ್ನೂ ಅರಿಯುವ ಚರ್ಮ ಅದರದು. ಸವಾರನಾದರೋ ತಾನು ಹೇಳಬೇಕೆಂದುದನ್ನು ಬಲ್ಲನೇ ಹೊರತು, ಹೇಳುತ್ತಿರುವುದನ್ನು ಅರಿಯನು. ಕುದುರೆ ಮಾತು ಕೇಳಲಿಲ್ಲವೆಂದು ಅವನು ದೂರುವ ಹೊತ್ತಿನಲ್ಲಿ, ಅದು ಅಕ್ಷರಶಃ ವಿಧೇಯವಾಗಿಯೇ ಇರುತ್ತದೆ, ಅವನು ಆಡದೆ ಆಡಿದ ಮಾತಿಗೆ. ಇದನ್ನು ಕಾಣುವುದಕ್ಕೆ ಹೊರಗಿನ ಕಣ್ಣೊಂದು ಬೇಕು.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಬೆಳಗಿನ ಹೊತ್ತು, ವಿದ್ಯಾರ್ಥಿನಿಯೊಬ್ಬಳು ಕುಕ್ಕುಲೋಟದಲ್ಲಿ ಕುದುರೆಯನ್ನು ಬಲಕ್ಕೆ ವೃತ್ತಾಕಾರವಾಗಿ ಓಡಿಸುತ್ತಿದ್ದಾಳೆ. ವೃತ್ತ ವೃತ್ತವಾಗಿ ಉಳಿಯದೆ ಹೊರಹೊರಗೆ ಜಾರುತ್ತಿದೆ. ಅವಳು ಬಲಗೈಯ ಲಗಾಮನ್ನು ಇನ್ನಷ್ಟು ಎಳೆಯುತ್ತಾಳೆ. ಕತ್ತು ಬಲಕ್ಕೆ ಬಾಗುತ್ತದೆ, ಕುದುರೆ ಮಾತ್ರ ಎಡಭುಜದ ಮೇಲೆ ಹೊರಗೇ ಸರಿಯುತ್ತದೆ. ನಡುವೆ ನಿಂತ ಗುರು ಕುದುರೆಯ ಕತ್ತನ್ನು ನೋಡುತ್ತಿಲ್ಲ. ಮರಳಿನಲ್ಲಿ ಹಿಂಗೊರಸಿನ ಗುರುತು ಮುಂಗೊರಸಿನ ಗುರುತಿನ ಮೇಲೆ ಬೀಳುತ್ತಿದೆಯೋ ಇಲ್ಲವೋ ಎಂಬುದನ್ನೂ, ಶಿಷ್ಯೆಯ ಬಲಸೊಂಟ ಮಡಚಿ ಅವಳ ಭಾರವೆಲ್ಲ ಜೀನಿನ ಎಡಕ್ಕೆ ವಾಲಿರುವುದನ್ನೂ ನೋಡುತ್ತಿದ್ದಾನೆ. “ಒಳಗಿನ ಕೈ ಬಿಡಮ್ಮ. ಇನ್ನೂ ಬಿಡು. ಕೆಳಗೆ ನೋಡಬೇಡ. ಬಲಗಡೆ ಎತ್ತರವಾಗಿ ಕೂತುಕೋ; ಹೊರಗಿನ ಲಗಾಮು ಇರಲಿ, ಉಸಿರು ಬಿಡು” ಎನ್ನುತ್ತಾನೆ. ಅವಳು ಕೈ ಸಡಿಲಿಸಿ ನೆಟ್ಟಗೆ ಕುಳಿತೊಡನೆ ಕುದುರೆ ಒಮ್ಮೆ ಮೂಗಿನಿಂದ ದೀರ್ಘವಾಗಿ ಉಸಿರೂದಿ, ಬೆನ್ನನ್ನು ಮೇಲೆತ್ತಿ, ಒಳಗಿನ ಹಿಂಗಾಲನ್ನು ಅಡಿಗೆ ತರುತ್ತದೆ. “ಈಗ! ಇದು, ಇದೇ!” ಎಂದು ಗುರು ಕೂಗುತ್ತಾನೆ. ಆ ಕೂಗು ಶ್ಲಾಘನೆಗಾಗಿ ಅಲ್ಲ; ಸರಿಯಾದ ಅನುಭವಕ್ಕೆ ಆ ಕ್ಷಣದಲ್ಲಿಯೇ ಮುದ್ರೆಯೊತ್ತುವುದಕ್ಕಾಗಿ. ಎರಡು ಹೆಜ್ಜೆ ಕಳೆದ ಮೇಲೆ ಹೇಳಿದರೆ ಅವಳು ಬೇರೊಂದನ್ನು ಸರಿಯೆಂದು ಕಲಿಯುತ್ತಾಳೆ. ಕುದುರೆಯ ವಿಷಯದಲ್ಲಿಯೂ ಇದೇ ನಿಯಮ: ಕಾಲಿನ ಒತ್ತಡವಾಗಲಿ ಲಗಾಮಿನ ಹಿಡಿತವಾಗಲಿ ಅದಕ್ಕೆ ಪ್ರಶ್ನೆ ಮಾತ್ರ, ಒತ್ತಡ ಸಡಿಲುವುದೇ ಅದಕ್ಕೆ ಉತ್ತರ. ತಡವಾಗಿ ಸಡಿಲಿದರೆ ಉತ್ತರ ತಪ್ಪಾದಂತೆ.

ಪಾಠಕ್ರಮವನ್ನು ಜರ್ಮನರು ತಮ್ಮ ಅಶ್ವಸೈನ್ಯದ 1912ರ ಕೈಪಿಡಿಯ ಜಾಡಿನಲ್ಲಿ ಆರು ಮೆಟ್ಟಿಲುಗಳಾಗಿ ಜೋಡಿಸಿದ್ದಾರೆ. ಮೊದಲು ಲಯ: ನಡಿಗೆಗೆ ನಾಲ್ಕು ಪೆಟ್ಟು, ಕುಕ್ಕುಲೋಟಕ್ಕೆ ಎರಡು, ಕ್ಯಾಂಟರ್ ಎಂಬ ಹದವಾದ ನೆಗೆಯೋಟಕ್ಕೆ ಮೂರು. ಆಮೇಲೆ ದೇಹದ ಸಡಿಲ, ಬಾಯಿಗೂ ಕೈಗೂ ನಡುವಣ ಮೃದುಸಂಪರ್ಕ, ಹಿಂಗಾಲಿನಿಂದ ಹೊಮ್ಮುವ ಶಕ್ತಿ, ನೇರತನ. ಎಲ್ಲಕ್ಕೂ ಕಡೆಯಲ್ಲಿ, ಹಿಂಭಾಗದ ಮೇಲೆ ಭಾರವನ್ನು ಕ್ರೋಡೀಕರಿಸುವ ಸಾಮರ್ಥ್ಯ. ಮನುಷ್ಯರಲ್ಲಿ ಬಲಗೈ ಎಡಗೈ ಎಂಬಂತೆ ಕುದುರೆಗೂ ಹುಟ್ಟಿನಿಂದ ಒಂದು ಮಗ್ಗುಲು ಬಿಗಿ. ನೇರತನಕ್ಕಾಗಿಯೇ ಆಯುಷ್ಯವಿಡೀ ದುಡಿಯಬೇಕಾಗುತ್ತದೆ. ಉಳಿದವುಗಳ ವಿವರ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಕುದುರೆಯ ಮೇಲೆ ಕುಳಿತೇ ತಿಳಿಯಬೇಕು. ಮೂರು ನಾಲ್ಕು ವರ್ಷದ ಮರಿಗೆ ಜೀನು ಹಾಕಿದರೂ, ಅತ್ಯುಚ್ಚ ಪರೀಕ್ಷೆಯಾದ ಗ್ರ್ಯಾನ್ ಪ್ರಿ ಮಟ್ಟಕ್ಕೆ ಅಂತರರಾಷ್ಟ್ರೀಯ ಅಂಕಣದಲ್ಲಿ ಅದು ಕಾಲಿಡಬೇಕಾದರೆ ಎಂಟು ವರ್ಷವಾದರೂ ತುಂಬಿರಬೇಕೆಂಬ ನಿಯಮವಿದೆ.

ಗುರುವಿನ ಬೆಲೆಯನ್ನು ನಮ್ಮವರ ಗೆಲುವಿನಲ್ಲಿಯೂ ಕಾಣಬಹುದು. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಇವರ ಭಾರತ ತಂಡ ಡ್ರೆಸ್ಸಾಜಿನಲ್ಲಿ ಚಿನ್ನ ಗೆದ್ದಿತು. 1982ರ ದೆಹಲಿ ಕೂಟದ ತರುವಾಯ ಕುದುರೆ ಸವಾರಿಯಲ್ಲಿ ನಮಗೆ ದೊರೆತ ಮೊದಲ ಚಿನ್ನವದು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ ಈವೆಂಟಿಂಗ್ ಎಂಬ ಬಗೆಯಲ್ಲಿಯೂ ಮೊದಲ ಹಂತದ ಪರೀಕ್ಷೆ ಡ್ರೆಸ್ಸಾಜೇ. ಇವರು ಗುರುಗಳನ್ನರಸಿ ಯೂರೋಪಿಗೆ ಹೋಗಿ, ಸ್ವಗೃಹವನ್ನು ಬಿಟ್ಟು ಬಹುಕಾಲ ಅಲ್ಲಿ ನೆಲೆಸಬೇಕಾಯಿತು. ಹಣವಿದ್ದರೆ ಕುದುರೆಯನ್ನು ಕೊಳ್ಳಬಹುದು. ಪ್ರತಿದಿನ ಅಂಕಣದ ನಡುವೆ ನಿಂತು ನೋಡುವ ಕಣ್ಣು ಹಾಗೆ ಪೇಟೆಯಲ್ಲಿ ಸಿಕ್ಕುವ ವಸ್ತುವಲ್ಲ.

ವಿಯೆನ್ನಾದ ಶಾಲೆಯಲ್ಲಿ ಒಂದು ಪದ್ಧತಿಯುಂಟು: ಎಳೆಯ ಶಿಷ್ಯನನ್ನು ನುರಿತ ಹಳೆಯ ಕುದುರೆಯ ಮೇಲೆ ಕೂರಿಸುತ್ತಾರೆ; ಎಳೆಯ ಕುದುರೆಯನ್ನು ನುರಿತ ಸವಾರನಿಗೆ ಒಪ್ಪಿಸುತ್ತಾರೆ. ಶಿಷ್ಯನು ಮೊದಮೊದಲು ಲಗಾಮೂ ಇಲ್ಲದೆ ರಿಕಾಪೂ ಇಲ್ಲದೆ, ಗುರು ಹಿಡಿದ ಉದ್ದ ಹಗ್ಗದ ಕುದುರೆಯ ಮೇಲೆ ಕುಳಿತುಕೊಳ್ಳುವುದನ್ನು ಮಾತ್ರ ಕಲಿಯುತ್ತಾನೆ. ನಮ್ಮ ಕಡೆ ನಡೆಯುವುದು ಅನೇಕ ವೇಳೆ ಇದಕ್ಕೆ ವಿಲೋಮ. ಬೆಂಗಳೂರಿನ ರೇಸಿನಿಂದ ನಿವೃತ್ತವಾದ ನಾಲ್ಕೈದು ವರ್ಷದ ಥರೋಬ್ರೆಡ್ ತಳಿಯ ಕುದುರೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡುತಂದು, ಹೊಸ ಸವಾರನು ಒಬ್ಬನೇ ಅದನ್ನು ತಿದ್ದಹೊರಡುತ್ತಾನೆ. ಕಡಿವಾಣದ ಮೇಲೆ ಒರಗಿಕೊಂಡೇ ಓಡುವುದು ಆ ಕುದುರೆ ರೇಸಿನಲ್ಲಿ ಕಲಿತ ಪಾಠ. ಗಾಬರಿಗೊಂಡ ಸವಾರ ಲಗಾಮು ಬಿಗಿದಷ್ಟೂ ಅದು ಓಟವನ್ನು ಹೆಚ್ಚಿಸುತ್ತದೆ. ಇಂಥ ಕುದುರೆಯನ್ನು ತಂದವರಿಗೆ ಬಲ್ಲ ತರಬೇತುದಾರರು ಹೇಳುವುದು ಬಹಳ ಸಪ್ಪೆಯಾದ ಮಾತು: ಮೊದಲ ಕೆಲವು ತಿಂಗಳು ಕುಕ್ಕುಲೋಟವೂ ಬೇಡ, ಕ್ಯಾಂಟರೂ ಬೇಡ, ಹಗ್ಗದಲ್ಲಿ ಎರಡೂ ಕಡೆಗೆ ಸಮನಾಗಿ ನಡೆಸಿ, ಉದ್ದ ಲಗಾಮಿನಲ್ಲಿ ಕತ್ತು ಚಾಚಿ ನಡೆಯುವುದನ್ನು ಕಲಿಸಿ, ಲಾಯಕ್ಕೆ ಕಳುಹಿಸಿ.