ಬಡಿಸುವವಳ ತಟ್ಟೆಯನ್ನು ನೋಡಿದ್ದೇವೆಯೇ?

(ರಾಯಚೂರಿನಲ್ಲಿ ಜರುಗಿದ ಕುಟುಂಬ ಆರೋಗ್ಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯಲ್ಲಿ ರಾಯಚೂರು ನಗರದವರಿದ್ದೀರಿ, ದೇವದುರ್ಗ ಮತ್ತು ಮಾನ್ವಿಯಿಂದ ಬಂದ ಕುಟುಂಬಗಳೂ ಇವೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಮಾತು ಆರಂಭಿಸುತ್ತೇವೆ. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕುಳಿತವರು ಯಾರು? ಆಗ ಪಾತ್ರೆಯಲ್ಲಿ ಏನು ಉಳಿದಿತ್ತು? ಉತ್ತರವನ್ನು ಗಟ್ಟಿಯಾಗಿ ಹೇಳಬೇಕಾಗಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಸಾಕು.

ಕೆಲವು ದಿನಗಳ ಹಿಂದೆ ನಮ್ಮ ಸಹೋದರಿಯರು ದೇವದುರ್ಗದ ಒಂದು ಮನೆಗೆ ಹೋಗಿದ್ದರು. ಆ ಮನೆಯ ಸೊಸೆ ಆರು ತಿಂಗಳ ಗರ್ಭಿಣಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದೆ. ಕಬ್ಬಿಣಾಂಶದ ಕೆಂಪು ಗುಳಿಗೆಗಳು ಕಪಾಟಿನ ಮೇಲೆ ಮುಟ್ಟದೆ ಉಳಿದಿವೆ. ವಿಚಾರಿಸಿದಾಗ ಅತ್ತೆ ಹೇಳಿದರು: "ನಮ್ಮ ಕಾಲದಲ್ಲಿ ಈ ಗುಳಿಗೆ ಎಲ್ಲಿದ್ದವಮ್ಮಾ? ನಾನು ಆರು ಹೆತ್ತಿಲ್ಲವೇ?" ಮೆಲ್ಲಗೆ ಮಾತು ಮುಂದುವರಿಸಿದ ಮೇಲೆ ಆ ಹಿರಿಯಾಕೆಯೇ ಇನ್ನೊಂದು ಮಾತನ್ನೂ ಹೇಳಿದರು. ಹೆತ್ತ ಆರರಲ್ಲಿ ಉಳಿದದ್ದು ನಾಲ್ಕು. ಆ ಎರಡು ಮಕ್ಕಳು ಏಕೆ ಹೋದವೆಂದು ಯಾರೂ ಅವರಿಗೆ ಹೇಳಿರಲಿಲ್ಲ. ನಾವೂ ಹೇಳಲಾರೆವು. ಆದರೆ ಮುಂದಿನ ಮಗುವಿನ ವಿಷಯದಲ್ಲಿ ನಾವು ಮೌನವಾಗಿರುವಂತಿಲ್ಲ.

ನಮ್ಮ ದೇಹದಲ್ಲಿ ಕಬ್ಬಿಣ ಎಷ್ಟಿದೆ? ವಯಸ್ಕರಲ್ಲಿ ಸುಮಾರು 3ರಿಂದ 4 ಗ್ರಾಂ; ಒಂದು ಸಣ್ಣ ಮೊಳೆಯಷ್ಟು. ಅದರ ಮೂರನೇ ಎರಡು ಭಾಗ ರಕ್ತದ ಹಿಮೋಗ್ಲೋಬಿನ್‌ನಲ್ಲಿದೆ. ಹಿಮೋಗ್ಲೋಬಿನ್‌ನ ಪ್ರತಿಯೊಂದು ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣುಗಳಿರುತ್ತವೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ಮೆದುಳು, ಹೃದಯ, ಸ್ನಾಯು ಹಾಗೂ ಗರ್ಭದಲ್ಲಿರುವ ಶಿಶುವಿನ ತನಕ ಸಾಗಿಸಲು ನೆರವಾಗುವುದು ಈ ಕಬ್ಬಿಣವೇ. ಅದು ಕಡಿಮೆಯಾದರೆ ಉಸಿರು ಎಳೆದುಕೊಂಡರೂ ದೇಹದ ಅಂಗಾಂಗಗಳಿಗೆ ಆಮ್ಲಜನಕ ಸಾಲದು. ಆಯಾಸ, ತಲೆಸುತ್ತು, ಎದೆಬಡಿತ ಕಾಣಿಸುತ್ತವೆ. ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆಯೂ ಹುಟ್ಟಬಹುದು. ಇವೆಲ್ಲ ಸೋಮಾರಿತನದ ಲಕ್ಷಣಗಳಲ್ಲ, ರಕ್ತಹೀನತೆಯ ಲಕ್ಷಣಗಳು.

ಕಬ್ಬಿಣದ ವಿಷಯದಲ್ಲಿ ದೇಹ ಬಹಳ ಜಿಪುಣ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದು ಸತ್ತಾಗ ಅದರಲ್ಲಿದ್ದ ಕಬ್ಬಿಣವನ್ನು ಗುಲ್ಮ ಮತ್ತು ಯಕೃತ್ತುಗಳು ಜೋಪಾನವಾಗಿ ಬೇರ್ಪಡಿಸಿ, ಹೊಸ ಕಣಗಳ ತಯಾರಿಗೆಂದು ಅಸ್ಥಿಮಜ್ಜೆಗೆ ಮರಳಿಸುತ್ತವೆ. ಹೀಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಒಳಗೊಳಗೇ ಸುತ್ತುತ್ತಿರುತ್ತದೆ. ಆಹಾರದಿಂದ ದಿನವೊಂದಕ್ಕೆ ಒಳಬರುವುದು ಕೇವಲ 1ರಿಂದ 2 ಮಿಲಿಗ್ರಾಂ. ಎಷ್ಟನ್ನು ಒಳಬಿಡಬೇಕೆಂದು ನಿರ್ಧರಿಸಲು ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಕಾವಲಿಗಿಟ್ಟಿದೆ. ಒಳಬಾಗಿಲಿಗೆ ಹೀಗೆ ಕಾವಲಿದೆ. ಹೆಚ್ಚಾದುದನ್ನು ಹೊರಹಾಕುವ ಹಿಂಬಾಗಿಲು ಮಾತ್ರ ಇಲ್ಲವೇ ಇಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ. ಇಂದಿನ ವಿಷಯವೆಲ್ಲ ಇದರ ಮೇಲೆಯೇ ನಿಂತಿದೆ.

ಆರೋಗ್ಯವಂತ ಪುರುಷನಿಗೆ ಈ ಜಿಪುಣತನ ಸಾಕಾಗುತ್ತದೆ. ಸ್ತ್ರೀಗೆ ಸಾಲದು. ಪ್ರತಿ ತಿಂಗಳ ಸ್ರಾವದಲ್ಲಿ ಆಕೆ ಕಬ್ಬಿಣವನ್ನು ಕಳೆದುಕೊಳ್ಳುತ್ತಾಳೆ. ಒಂದು ಗರ್ಭಧಾರಣೆಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಹೆರಿಗೆಗಳ ನಡುವೆ ಅಂತರವಿಲ್ಲದಿದ್ದರೆ ಖಾಲಿಯಾದ ಉಗ್ರಾಣ ತುಂಬುವ ಮೊದಲೇ ಮತ್ತೆ ಬರಿದಾಗುತ್ತದೆ. ಹೀಗಿರುವಾಗ ಯಾರಿಗೆ ಹೆಚ್ಚು ಬೇಕೋ ಅವರಿಗೇ ನಾವು ಕೊನೆಯಲ್ಲಿ, ಉಳಿದದ್ದನ್ನು ಕೊಡುತ್ತಿದ್ದೇವೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆಯಿತ್ತು. ಅದೇ ವಯಸ್ಸಿನ ಪುರುಷರಲ್ಲಿ ಅದು ಸುಮಾರು ಶೇ. 20. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕಿಂತಲೂ ಹೆಚ್ಚು. ಒಂದೇ ಸೂರಿನಡಿ, ಒಂದೇ ಒಲೆಯ ಅಡುಗೆ ಉಂಡವರ ನಡುವೆ ಇಷ್ಟು ಅಂತರವೇಕೆ? ಒಂದು ಭಾಗ ಪ್ರಕೃತಿಯದು. ಇನ್ನೊಂದು ಭಾಗ ನಮ್ಮದು. ಪ್ರಕೃತಿಯದನ್ನು ಬದಲಾಯಿಸಲಾರೆವು, ನಮ್ಮದನ್ನು ಬದಲಾಯಿಸಲು ಯಾವ ಅಡ್ಡಿಯಿದೆ?

ಇನ್ನು ನಮ್ಮ ತಟ್ಟೆಯತ್ತ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಕಡೆ ಭತ್ತದ ಗದ್ದೆಗಳು ಹಬ್ಬಿದವು. ಅದು ರೈತನ ಕೈಗೆ ಹಣ ತಂದಿತು, ಸಂತೋಷ. ಆದರೆ ಜೋಳ, ಸಜ್ಜೆಯ ರೊಟ್ಟಿಯ ಜಾಗಕ್ಕೆ ಪಾಲಿಶ್ ಮಾಡಿದ ಬಿಳಿ ಅಕ್ಕಿ ಬಂದು ಕುಳಿತಿತು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಂಗಿಂತ ಕಡಿಮೆ. ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6ಕ್ಕಿಂತ ಹೆಚ್ಚು. ಹಾಗೆಂದು ಧಾನ್ಯ, ಸೊಪ್ಪಿನ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ. ಅದರಲ್ಲಿ ಅಲ್ಪಾಂಶ ಮಾತ್ರ ಕರುಳಿನಲ್ಲಿ ಹೀರಲ್ಪಡುತ್ತದೆ. ಊಟದೊಂದಿಗೆ ಲಿಂಬೆರಸ ಅಥವಾ ಪೇರಲ ಹಣ್ಣು ಇದ್ದರೆ ಹೀರಿಕೆ ಹೆಚ್ಚುತ್ತದೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಅದರಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ತಡೆದುಬಿಡುತ್ತದೆ. ಆದ್ದರಿಂದ ಚಹಾ ಒಂದು ಗಂಟೆ ಕಾಯಲಿ.

ಮಾಂಸದಲ್ಲಿರುವ ಕಬ್ಬಿಣ ಇದಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ. ನಾವು ಮಾಂಸಾಹಾರಿಗಳು, ನಮಗೇನು ಕೊರತೆ ಎನ್ನುವವರಿದ್ದಾರೆ. ಒಳ್ಳೆಯದು. ಆದರೆ ಮಾಂಸದ ತುಂಡುಗಳು ಯಾರ ತಟ್ಟೆಗೆ ಬೀಳುತ್ತವೆ, ಬರಿಯ ಸಾರು ಯಾರ ಪಾಲಿಗೆ ಉಳಿಯುತ್ತದೆ? ಬಕ್ರೀದ್‌ನ ಕಲೇಜಿ ಮನೆಯ ಹೆಣ್ಣುಮಗಳ ಬಾಯಿಗೆ ಎಷ್ಟು ಬೀಳುತ್ತದೆ? (ಗರ್ಭಿಣಿಯರಿಗೆ ಮಾತ್ರ ಕಲೇಜಿ ಮಿತಿಮೀರಬಾರದು, ಅವರಿಗೆ ಮಾಂಸ, ಮೊಟ್ಟೆ, ಬೇಳೆ ಒಳ್ಳೆಯದು.) ಮಾಂಸ ಕೊಳ್ಳುವ ಶಕ್ತಿಯಿದ್ದೂ ಸೊಸೆಗೆ ರಕ್ತಹೀನತೆಯಿದ್ದರೆ ಅದನ್ನು ಬಡತನವೆಂದು ಕರೆಯಲು ಸಾಧ್ಯವೇ?

ಆಹಾರದಿಂದಲೇ ಎಲ್ಲವನ್ನೂ ತುಂಬಿಸಲಾಗದು. ಗರ್ಭಿಣಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಗುಳಿಗೆ ನೀಡಬೇಕೆಂಬುದು ಸರಕಾರದ ನಿಯಮ. ಪ್ರತಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲವಿದೆ. ಇದು ಉಚಿತ. ಗುಳಿಗೆ ತಿಂದರೆ ಮಗು ಕಪ್ಪಾಗುತ್ತದೆ ಎಂಬುದು ಶುದ್ಧ ಅಜ್ಞಾನ. ಮಲ ಕಪ್ಪಾಗುವುದು ನಿಜ, ಅದರಿಂದ ಹಾನಿಯಿಲ್ಲ. ವಾಕರಿಕೆ ಬಂದರೆ ಊಟದ ನಂತರ ಅಥವಾ ಮಲಗುವ ಮುನ್ನ ತೆಗೆದುಕೊಳ್ಳಲಿ. ಚಹಾ ಮತ್ತು ಕ್ಯಾಲ್ಸಿಯಂ ಗುಳಿಗೆಯೊಂದಿಗೆ ಮಾತ್ರ ಬೇಡ. ರಮಝಾನಿನಲ್ಲಿ ಉಪವಾಸವಿರುವ ಸಹೋದರಿಯರು ಇಫ್ತಾರಿನ ಬಳಿಕ ನುಂಗಬಹುದು. ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಕೊಡುವ ಜಂತುಹುಳು ಮಾತ್ರೆಯನ್ನೂ ಬೇಡವೆನ್ನಬೇಡಿ. ಕರುಳಿನ ಕೊಕ್ಕೆಹುಳು ನಿತ್ಯವೂ ರಕ್ತ ಹೀರುತ್ತದೆ.

ಸರಕಾರ ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2011-12ರಲ್ಲಿ ಈ ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ ನಾಡನ್ನೇ ಬೆಚ್ಚಿಬೀಳಿಸಿ, ವಿಷಯ ಹೈಕೋರ್ಟಿನ ಮುಂದೆ ಬಂತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿಯೂ ರಚನೆಯಾಯಿತು. 2017ರಲ್ಲಿ ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ಮೊದಲು ಪ್ರಯೋಗಕ್ಕಿಟ್ಟ ನಾಲ್ಕು ತಾಲೂಕುಗಳಲ್ಲಿ ನಮ್ಮ ಮಾನ್ವಿಯೂ ಒಂದು. ಅನ್ನ, ಸಾಂಬಾರಿನೊಂದಿಗೆ ಮೊಟ್ಟೆ, ಹಾಲು ಮತ್ತು ಚಿಕ್ಕಿ. ಆಕೆಯ ಪಾಲನ್ನು ಆಕೆಯೇ ಉಣ್ಣಲಿ ಎಂಬುದು ಅಲ್ಲೇ ಬಡಿಸುವುದರ ಉದ್ದೇಶ. ಪಡಿತರವನ್ನು ಮನೆಗೆ ಕೊಟ್ಟರೆ ಅದು ಇಡೀ ಮನೆಗೆ ಹಂಚಿಹೋಗುತ್ತದೆಂಬುದು ಅಧಿಕಾರಿಗಳಿಗೂ ತಿಳಿದಿತ್ತು. ನಮ್ಮ ಮನೆಗಳ ಬಗ್ಗೆ ಇದಕ್ಕಿಂತ ನಾಚಿಕೆಯ ಮಾತು ಬೇರೆ ಬೇಕೇ? ಆದರೆ ಬಾಣಂತಿಗೆ ಮನೆಯಿಂದ ಹೊರಬರುವುದೇ ಕಷ್ಟವಾಗಿತ್ತು. ಸೊಸೆ ಹೊರಗೆ ಕುಳಿತು ಉಣ್ಣುವುದೇ ಎಂದು ಹಿರಿಯರು ತಡೆದದ್ದೂ ಉಂಟು. ಯೋಜನೆಯ ಲೋಪವನ್ನು ಪ್ರಶ್ನಿಸೋಣ. ನಮ್ಮ ಹೊಸ್ತಿಲನ್ನೂ ಪ್ರಶ್ನಿಸೋಣ.

ಈಗ ಒಂದು ಎಚ್ಚರಿಕೆಯ ಮಾತು. ಹಿಮೋಗ್ಲೋಬಿನ್ ಕಡಿಮೆಯಿರುವ ಎಲ್ಲರಿಗೂ ಕಬ್ಬಿಣದ ಕೊರತೆಯೇ ಇರುತ್ತದೆಂದು ತಿಳಿಯಬಾರದು. ತಿಂಗಳುಗಟ್ಟಲೆ ಗುಳಿಗೆ ತಿಂದರೂ ಏರದಿದ್ದರೆ ಥಲಸ್ಸೇಮಿಯಾ, ಕುಡಗೋಲು ಕಣದ ರೋಗ ಮುಂತಾದವುಗಳ ಪರೀಕ್ಷೆ ಆಗಬೇಕು. ಇವುಗಳಲ್ಲಿ ಹಿಮೋಗ್ಲೋಬಿನ್‌ನ ರಚನೆಯಲ್ಲೇ ದೋಷ. ಅದು ತಂದೆತಾಯಿಯಿಂದ ಬರುತ್ತದೆ. ಥಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಬೇಕು. ರಕ್ತದ ಒಂದೊಂದು ಚೀಲದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ. ಹಿಂಬಾಗಿಲಿಲ್ಲವೆಂದು ಆಗಲೇ ಹೇಳಿದೆವಲ್ಲ? ಆ ಕಬ್ಬಿಣ ಹೃದಯದಲ್ಲಿ, ಯಕೃತ್ತಿನಲ್ಲಿ ಶೇಖರವಾಗಿ ಮಗುವಿನ ಪ್ರಾಣಕ್ಕೇ ಎರವಾಗುತ್ತದೆ. ಅದನ್ನು ಹೊರತೆಗೆಯಲು ಬೇರೆಯೇ ಔಷಧ ಬೇಕು. ಅಂಥ ಮಗುವಿಗೆ ನಾವಾಗಿ ಕಬ್ಬಿಣದ ಟಾನಿಕ್ ಕುಡಿಸುವುದು ಅಪಾಯ.

ವಾಹಕರಾಗಿರುವವರು ರೋಗಿಗಳಲ್ಲ. ಅವರು ಎಲ್ಲರಂತೆ ಬದುಕುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ನಮ್ಮ ಭಾಗದಲ್ಲಿ ಮತಭೇದವಿಲ್ಲದೆ ಹತ್ತಿರದ ಸಂಬಂಧದಲ್ಲಿ ಮದುವೆ ಮಾಡುವ ರೂಢಿಯಿದೆ. ಅಲ್ಲಿ ಈ ಸಂಭವ ಹೆಚ್ಚು. ನಿಕಾಹ್‌ನ ಮಾತುಕತೆಯಲ್ಲಿ ಚಿನ್ನ, ಬೈಕು, ಕಲ್ಯಾಣ ಮಂಟಪದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಒಂದು ರಕ್ತಪರೀಕ್ಷೆಯ ಬಗ್ಗೆ ಮಾತನಾಡಿದ್ದೇವೆಯೇ? ನಮ್ಮದೊಂದು ಸಲಹೆ: ಮೊದಲು ವರನ ಪರೀಕ್ಷೆಯಾಗಲಿ. ಅವನು ವಾಹಕನಲ್ಲದಿದ್ದರೆ ಥಲಸ್ಸೇಮಿಯಾ ಮೇಜರ್‌ನ ಭಯ ಅಲ್ಲಿಗೇ ಮುಗಿಯಿತು. ಹೆಣ್ಣಿನ ಮೇಲೆ ಕಳಂಕ ಹೊರಿಸಲು ಪರೀಕ್ಷೆಯನ್ನು ಬಳಸುವವರ ಬಾಯಿಯೂ ಮುಚ್ಚುತ್ತದೆ.

ಥಲಸ್ಸೇಮಿಯಾ ಮತ್ತು ಕುಡಗೋಲು ಕಣದ ರೋಗವನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸೇರಿಸಲಾಗಿದೆ. ಅಂಥ ಮಕ್ಕಳಿರುವ ಕುಟುಂಬಗಳು ಅದರ ಸೌಲಭ್ಯ ಪಡೆಯುವುದು ಭಿಕ್ಷೆಯಲ್ಲ, ಹಕ್ಕು.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ 1000 ದಿನಗಳನ್ನು ದಾಟಿತು. ಆ ಬೇಡಿಕೆ ನ್ಯಾಯಯುತವಾದುದು, ಅದನ್ನು ನಾವು ಬೆಂಬಲಿಸುತ್ತೇವೆ. ದೇವದುರ್ಗದಲ್ಲಿ ಹೆರಿಗೆ ನೋವಿನಲ್ಲಿರುವ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದ ತಾಯಿ ರಕ್ತಕ್ಕಾಗಿ 50 ಕಿಲೋಮೀಟರು ಆಸುಪಾಸಿನ ದಾರಿಯನ್ನು ಸವೆಸಬೇಕಾದ ಸ್ಥಿತಿ ಕಲ್ಯಾಣ ಕರ್ನಾಟಕಕ್ಕೆ ಶೋಭೆಯಲ್ಲ. ಆದರೆ ಆಕೆ 7ಕ್ಕೆ ಇಳಿಯುವವರೆಗೆ ತಿಂಗಳುಗಳೇ ಕಳೆದಿರುತ್ತವೆ. ಆ ತಿಂಗಳುಗಳಲ್ಲಿ ಆಕೆ ಇದ್ದದ್ದು ಆಸ್ಪತ್ರೆಯಲ್ಲಲ್ಲ, ನಮ್ಮ ಮನೆಯಲ್ಲಿ. ಗರ್ಭಿಣಿಗೆ 11, ಇತರ ಮಹಿಳೆಯರಿಗೆ 12, ಪುರುಷರಿಗೆ 13 ಗ್ರಾಂ: ಈ ಮೂರು ಅಂಕೆಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ ನಿಮ್ಮವರ ಅಂಕೆಯನ್ನೂ ಅದರ ಪಕ್ಕದಲ್ಲಿ ಬರೆಯಿರಿ.

ದೇವದುರ್ಗದ ಆ ಹಿರಿಯಾಕೆ ನಮ್ಮ ಸಹೋದರಿಯರನ್ನು ಬೀಳ್ಕೊಡುವಾಗ ಕಪಾಟಿನಿಂದ ಗುಳಿಗೆ ತೆಗೆದು ಸೊಸೆಯ ಕೈಗಿಟ್ಟರು. "ನನ್ನ ಮುಂದೆಯೇ ನುಂಗಮ್ಮಾ" ಎಂದರು. ಅತ್ತೆಯೊಬ್ಬರು ಮಾಡಿದ್ದನ್ನು ಇಲ್ಲಿರುವ ಮಾವಂದಿರು, ಗಂಡಂದಿರು ಮಾಡಲಾರರೇ? ಇಂದು ರಾತ್ರಿ ಮನೆಗೆ ಹೋದಾಗ ಬಡಿಸುವವಳನ್ನೂ ಜೊತೆಗೆ ಕುಳ್ಳಿರಿಸಿಕೊಳ್ಳಿ. ಅವಳ ತಟ್ಟೆ ತುಂಬಿದ ನಂತರವೇ ನಿಮ್ಮ ತುತ್ತು ಏಳಲಿ. ನಮ್ಮ ಮಾತು ಇಷ್ಟೇ.